ಮೂರನೇ ಡಬ್ಬಿಯ ಗುಂಡು

ಅಕ್ಟೋಬರ್ ಕೊನೆಯ ವಾರ. ಬೇಸ್‌ಮೆಂಟಿನ ಮೇಜಿನ ಮೇಲೆ ಮೂರು ಡಬ್ಬಿ ಇಟ್ಟುಕೊಂಡು ಕೂತಿದ್ದೆ. ಮೂರರಲ್ಲೂ ಒಂದೇ ದಪ್ಪದ ಗುಂಡುಗಳು, 0.458 ಇಂಚು. ಮೊದಲನೆಯದು 300 ಗ್ರೇನ್ ತೂಕದ ಹಾಲೋ ಪಾಯಿಂಟ್, ಅಂದರೆ ಮೂತಿಯಲ್ಲಿ ಗುಳಿ ಇರುವ ಗುಂಡು. ಎರಡನೆಯದು 405 ಗ್ರೇನಿನ ಗಟ್ಟಿ ಸೀಸ. ಮೂರನೆಯದು 300 ಗ್ರೇನಿನ ತಾಮ್ರ, ಒಳಗೆ ಸೀಸವೇ ಇಲ್ಲ. ಮೊದಲೆರಡು ಡಬ್ಬಿ ಅರ್ಧ ಖಾಲಿಯಾಗಿದ್ದವು. ಮೂರನೆಯದನ್ನು ಇನ್ನೂ ಒಡೆದಿರಲಿಲ್ಲ.

ಮಿಶಿಗನ್‌ನಲ್ಲಿ ಕೋವಿಯ ಜಿಂಕೆ ಬೇಟೆ ಪ್ರತಿ ವರ್ಷ ನವೆಂಬರ್ 15ಕ್ಕೆ ಶುರುವಾಗಿ 30ಕ್ಕೆ ಮುಗಿಯುತ್ತದೆ. ಯಾವ ಗುಂಡು ಅಂತ ಅಷ್ಟರೊಳಗೆ ತೀರ್ಮಾನ ಮಾಡಬೇಕಿತ್ತು. ಅದು ನನ್ನ ಮೂರನೇ ವರ್ಷದ ಬೇಟೆ. ಹಿಂದಿನ ಎರಡು ವರ್ಷ ನಾನು ಗುಂಡು ಆರಿಸಿದ್ದು ಸರಿ ಇರಲಿಲ್ಲ.

ನನ್ನದು ಹಳೇ ಮಾರ್ಲಿನ್ 1895, ಲಿವರ್ ಕೋವಿ, ಅಂದರೆ ಕೆಳಗಿನ ಹಿಡಿ ಎಳೆದು ತೋಟಾ ಏರಿಸುವಂಥದ್ದು. ಅದರ ತೋಟಾ .45-70. 1873ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂತ ಮಾಡಿದ್ದು. 45 ಅಂದರೆ ಗುಂಡಿನ ದಪ್ಪ, 70 ಅಂದರೆ ಆಗ ತುಂಬುತ್ತಿದ್ದ ಕಪ್ಪು ಮದ್ದಿನ ತೂಕ, ಗ್ರೇನ್ ಲೆಕ್ಕದಲ್ಲಿ. ನಮ್ಮ ಅಕ್ಕಸಾಲಿಗರ ಗುಲಗಂಜಿ ಹತ್ತಿರ ಹತ್ತಿರ 2 ಗ್ರೇನ್ ತೂಗುತ್ತದೆ. ಹಾಗೆ ನೋಡಿದರೆ 405 ಗ್ರೇನಿನ ಒಂದು ಗುಂಡು ಇನ್ನೂರು ಗುಲಗಂಜಿಗಿಂತ ಜಾಸ್ತಿ ಭಾರ. ಅಂಗೈಯಲ್ಲಿ ಇಟ್ಟುಕೊಂಡರೆ ಅದರ ತೂಕ ಚೆನ್ನಾಗಿ ಗೊತ್ತಾಗುತ್ತದೆ.

ಮಾರ್ಲಿನ್‌ನವರು ಈ ತೋಟಾಗೆ ಮತ್ತೆ 1895 ಅನ್ನುವ ಹೆಸರಿನ ಕೋವಿ ಮಾಡತೊಡಗಿದ್ದು 1972ರಲ್ಲಿ. ನಮ್ಮಲ್ಲಿ ವನ್ಯಜೀವಿ ಕಾಯ್ದೆ ಬಂದದ್ದೂ ಅದೇ ವರ್ಷ. ಆ ಕಾಯ್ದೆ ಬಂದ ಮೇಲೆ ತೀರ್ಥಹಳ್ಳಿ ಕಡೆಯ ನಮ್ಮ ಅಜ್ಜ ಶಿಕಾರಿ ಬಿಟ್ಟರು. ಕೇಪಿನ ಕೋವಿ ಮಾತ್ರ ಗೋಡೆಯ ಮೇಲೆ ಉಳಿಯಿತು. ತೋಟಕ್ಕೆ ಮಂಗಗಳು ಬಂದರೆ ಸದ್ದು ಮಾಡಿ ಓಡಿಸುವುದಕ್ಕೆ ಬರೀ ಮದ್ದು ತುಂಬುತ್ತಿದ್ದರು. ಮದ್ದು ಅಳೆಯುವಾಗ ಯಾರನ್ನೂ ಮಾತಾಡಲು ಬಿಡುತ್ತಿರಲಿಲ್ಲ. "ಜಾಸ್ತಿ ಆದ್ರೆ ಕೋವಿ ಒಡೆಯುತ್ತೆ, ಸುಮ್ನಿರು" ಅನ್ನುತ್ತಿದ್ದರು. ಮದ್ದು ಹಾಕಿ, ಮೇಲೆ ತೆಂಗಿನ ನಾರು ತುರುಕಿ, ಕೋಲಿನಿಂದ ಗಿದಿಯುತ್ತಿದ್ದರು. ಆ ಕೋಲಿನ ಸದ್ದು ನನಗೆ ಇನ್ನೂ ನೆನಪಿದೆ. ಇಲ್ಲಿ ಮದ್ದು, ಗುಂಡು ಹಾಕಿ ಕೈಯಾರೆ ತೋಟಾ ತುಂಬಲು ಕಲಿಯುವಾಗ ನನಗೆ ಇದು ಹೊಸ ಕೆಲಸ ಅಂತ ಅನ್ನಿಸಲೇ ಇಲ್ಲ.

ಮೊದಲ ವರ್ಷ ತೆಗೆದುಕೊಂಡದ್ದು ಆ ಹಾಲೋ ಪಾಯಿಂಟ್. ಹಗುರ ಗುಂಡು, ವೇಗ ಜಾಸ್ತಿ, ಹಾಗಾಗಿ ಒಳ್ಳೆಯದೇ ಅಂದುಕೊಂಡಿದ್ದೆ. 35 ಗಜ ದೂರದಲ್ಲಿ ಒಂದು ಹೆಣ್ಣು ಜಿಂಕೆ ಸಿಕ್ಕಿತು. ಗುಂಡು ಭುಜದ ಮೂಳೆಗೆ ಬಿತ್ತು. ಜಿಂಕೆ ನಿಂತಲ್ಲೇ ಕುಸಿಯಿತು, ನರಳಲಿಲ್ಲ. ಆದರೆ ಚರ್ಮ ಸುಲಿದಾಗ ಮುಂದಿನ ಎರಡೂ ಭುಜದ ಮಾಂಸ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಗುಂಡಿನ ಸೀಸದ ಮೇಲಿನ ತೆಳು ತಾಮ್ರದ ಹೊದಿಕೆ ಮೂಳೆಗೆ ತಗುಲಿದ ಕೂಡಲೇ ಒಡೆದು ಚೂರಾಗಿತ್ತು. ಒಂದು ಚೂರು ಬೆರಳಿಗೆ ಸಿಕ್ಕಿತು, ಅಕ್ಕಿಕಾಳಿನಷ್ಟಿತ್ತು. ಕಣ್ಣಿಗೆ ಕಾಣದ್ದು ಇನ್ನೆಷ್ಟೋ. ಅಷ್ಟೂ ಮಾಂಸ ಬಿಸಾಡಬೇಕಾಯಿತು.

ಹಾಗಾಗಿ ಎರಡನೇ ವರ್ಷ ಪೂರ್ತಿ ಉಲ್ಟಾ ಹೋದೆ. ಒಡೆಯದ ಗುಂಡು ಬೇಕು ಅಂತ 405 ಗ್ರೇನಿನ ಗಟ್ಟಿ ಸೀಸದ್ದು ತಂದೆ. ಸೀಸಕ್ಕೆ ಆಂಟಿಮನಿ, ತವರ ಬೆರೆಸಿ ಗಟ್ಟಿ ಮಾಡಿರುತ್ತಾರೆ. ಅದು ಹಿಗ್ಗುವುದಿಲ್ಲ, ಆಳಕ್ಕೆ ಹೋಗುತ್ತದೆ. ಸಂಜೆ ಬೆಳಕು ಇಳಿಯುವ ಹೊತ್ತಿಗೆ ಒಂದು ಗಂಡು ಬಂತು. ನನ್ನ ಗುರಿ ನಾಲ್ಕು ಬೆರಳು ಹಿಂದಕ್ಕೆ ಹೋಯಿತು. ಗುಂಡು ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಗೆ ಹೋಯಿತು. ಜಿಂಕೆ ಬಾಲ ಎತ್ತದೆ, ಬೆನ್ನು ಬಗ್ಗಿಸಿಕೊಂಡು ಸೀಡರ್ ಮರಗಳ ಜೌಗಿನೊಳಗೆ ನಡೆದುಹೋಯಿತು. ಟಾರ್ಚ್ ಹಿಡಿದು ಮೂರು ಗಂಟೆ ಹುಡುಕಿದೆ. ಎಲೆಯ ಮೇಲೆ ಒಂದು ಹನಿ ರಕ್ತ, ಇಪ್ಪತ್ತು ಹೆಜ್ಜೆ ಆದ ಮೇಲೆ ಇನ್ನೊಂದು ಹನಿ. ಆಮೇಲೆ ನೀರು. ಬೆಳಿಗ್ಗೆ ಸಿಕ್ಕಿತು. ಅಷ್ಟರಲ್ಲಿ ಕಯೋಟೆಗಳು, ಇಲ್ಲಿನ ತೋಳದಂಥ ಪ್ರಾಣಿಗಳು, ತಿಂದು ಮುಗಿಸಿದ್ದವು.

ಆ ರಾತ್ರಿ ಅದು ಎಷ್ಟು ಹೊತ್ತು ಬದುಕಿತ್ತು ಅನ್ನುವುದು ನನ್ನನ್ನು ಬಹಳ ದಿನ ಕಾಡಿತು. ಈಗಲೂ ಕಾಡುತ್ತದೆ. ಗುರಿ ತಪ್ಪಿದ್ದು ನನ್ನ ಕೈ. ಅದು ನಿಜ. ಆದರೆ ಮೆತ್ತನೆಯ ಗುಂಡಾಗಿದ್ದರೆ ಒಳಗೆ ಹಿಗ್ಗಿ ಗಾಯ ದೊಡ್ಡದಾಗುತ್ತಿತ್ತು. ಜಿಂಕೆ ಬೇಗ ಬೀಳುತ್ತಿತ್ತು. ರಕ್ತದ ಜಾಡಾದರೂ ಸರಿಯಾಗಿ ಸಿಗುತ್ತಿತ್ತು.

ಪಕ್ಕದ ಮನೆಯ ಹಿರಿಯರಿಗೆ ಹೇಳಿದೆ. ನನಗೆ ತೋಟಾ ತುಂಬುವುದು ಕಲಿಸಿದವರು ಅವರೇ. ಐವತ್ತು ವರ್ಷದಿಂದ ಬೇಟೆ ಆಡುತ್ತಿದ್ದಾರೆ. ಗ್ಯಾರೇಜಿನಲ್ಲಿ ಸೀಸ ಕರಗಿಸಿ ಗುಂಡು ತಾವೇ ಎರಕ ಹೊಯ್ಯುತ್ತಾರೆ. ಆ ಗಟ್ಟಿ ಗುಂಡನ್ನು ಉಗುರಿನಿಂದ ಗೀರಿ ನೋಡಿದರು. ಗೆರೆಯೇ ಬೀಳಲಿಲ್ಲ.

"ಇದು ಕರಡಿಗೆ, ಕಾಡೆಮ್ಮೆಗೆ. ಜಿಂಕೆಯ ಪಕ್ಕೆಲುಬು ಎಷ್ಟು ತೆಳು ಗೊತ್ತಲ್ಲ ನಿನಗೆ? ಇದು ಅಲ್ಲಿ ಬಾಯಿ ಬಿಡುವಷ್ಟು ತಡೆ ಎಲ್ಲಿದೆ?"

ಅವರು ಹೊಯ್ಯುವುದು ಮೆತ್ತನೆಯ ಗುಂಡು. ಇಪ್ಪತ್ತು ಪಾಲು ಸೀಸಕ್ಕೆ ಒಂದು ಪಾಲು ತವರ. ಅದೂ 405 ಗ್ರೇನ್, ಹಳೇ ಕಾಲದ ಹಾಗೆ ಸೆಕೆಂಡಿಗೆ 1,300 ಅಡಿ ವೇಗ. ನಿಧಾನ ಹೋಗುತ್ತದೆ, ಹಿಗ್ಗುತ್ತದೆ, ಚೂರಾಗುವುದಿಲ್ಲ. ತೂತಿನ ಅಂಚಿನವರೆಗೂ ಮಾಂಸ ತಿನ್ನಬಹುದು ಅನ್ನುತ್ತಾರೆ. ಒಂದು ಮುಷ್ಟಿ ನನಗೂ ಕೊಟ್ಟರು. ಅಲ್ಲಿಗೆ ಪ್ರಶ್ನೆ ಮುಗಿಯಿತು ಅಂತಲೇ ಅಂದುಕೊಂಡಿದ್ದೆ.

ಮನೆಯಲ್ಲಿ ಮುಗಿಯಲಿಲ್ಲ. ಮಗಳಿಗೆ ಆಗ ಮೂರು ವರ್ಷ. 2008ರಲ್ಲಿ ನಾರ್ತ್ ಡಕೋಟಾದಲ್ಲಿ, ಬಡವರಿಗೆ ದಾನ ಕೊಟ್ಟ ಜಿಂಕೆ ಮಾಂಸದಲ್ಲಿ ಸೀಸದ ಚೂರು ಕಂಡು, ಅದನ್ನೆಲ್ಲ ಎಸೆಯಿರಿ ಅಂತ ಅಲ್ಲಿನ ಆರೋಗ್ಯ ಇಲಾಖೆಯೇ ಹೇಳಿತ್ತು. ಆರು ವರ್ಷದೊಳಗಿನ ಮಕ್ಕಳು, ಬಸುರಿಯರು ಸೀಸದ ಗುಂಡಿನಿಂದ ಹೊಡೆದ ಮಾಂಸ ತಿನ್ನಬಾರದು ಅಂತಲೂ ಹೇಳಿದರು. ಹೆಂಡತಿ ಅದನ್ನು ಓದಿದ್ದಳು.

"ನಾವು ತಿಂದ್ರೆ ತಿಂದ್ವಿ. ಮಗೂಗೆ ನಾನು ಕೊಡಲ್ಲ" ಅಂದಳು.

"ನಿಧಾನದ ಗುಂಡು ಅಷ್ಟು ಚೂರಾಗಲ್ಲ."

"ಅಷ್ಟು ಆಗಲ್ಲ ಅಂದ್ರೆ ಸ್ವಲ್ಪ ಆಗುತ್ತೆ ಅಂತ ಅಲ್ವಾ?"

ಅವಳು ಹೇಳಿದ್ದು ಸರಿ ಇತ್ತು. ಮೂರನೇ ಡಬ್ಬಿ ಬಂದದ್ದು ಹಾಗೆ. ಬಾರ್ನ್ಸ್‌ನವರ ತಾಮ್ರದ ಗುಂಡು. ಮೂತಿ ಚಪ್ಪಟೆ, ನಡುವೆ ಒಂದು ಗುಳಿ. ಬಡಿದಾಗ ಆ ಗುಳಿಯಿಂದ ನಾಲ್ಕು ಎಸಳಾಗಿ ಅರಳಿಕೊಳ್ಳುತ್ತದೆ. ಉದುರುವುದಿಲ್ಲ, ತೂಕ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ.

ಮೂತಿ ಚಪ್ಪಟೆ ಇರಬೇಕಾದದ್ದು ಈ ಕೋವಿಗೆ ಬಹಳ ಮುಖ್ಯ. ಲಿವರ್ ಕೋವಿಯ ಮ್ಯಾಗಜಿನ್ ಒಂದು ಕೊಳವೆ. ತೋಟಾಗಳು ಅದರಲ್ಲಿ ಒಂದರ ಹಿಂದೆ ಒಂದು ಸಾಲಾಗಿ ಮಲಗಿರುತ್ತವೆ. ಹಿಂದಿನ ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ ತಾಗಿಕೊಂಡಿರುತ್ತದೆ. ಈ ಪ್ರೈಮರು ನಮ್ಮ ಅಜ್ಜನ ಕೇಪಿನ ಕೆಲಸವನ್ನೇ ಮಾಡುವಂಥದ್ದು, ಬಡಿದರೆ ಕಿಡಿ ಹಾರಿ ಮದ್ದಿಗೆ ಬೆಂಕಿ ಹತ್ತುತ್ತದೆ. ಗಟ್ಟಿಯಾದ ಚೂಪು ಮೂತಿ ಇದ್ದರೆ, ಒಂದು ಈಡು ಹೊಡೆದ ಧಕ್ಕೆಗೆ ಕೊಳವೆಯೊಳಗೇ ಇನ್ನೊಂದು ಸಿಡಿಯಬಹುದು. ಮೆತ್ತನೆ ರಬ್ಬರಿನಂಥ ತುದಿಯ ಗುಂಡುಗಳೂ ಈಗ ಸಿಗುತ್ತವೆ, ದೂರಕ್ಕೆ ಅವು ಒಳ್ಳೆಯವು. ನಾನು ಕೂರುವ ಜಾಗದಲ್ಲಿ 80 ಗಜದಾಚೆ ಏನೂ ಕಾಣುವುದಿಲ್ಲ. ಹಾಗಾಗಿ ಅದು ನನಗೆ ಬೇಕಿರಲಿಲ್ಲ.

ತುಂಬಲು ಎರಡು ಸಂಜೆ ತೆಗೆದುಕೊಂಡೆ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ 300 ಗ್ರೇನಿಗೆ ಗುಂಡು ಉದ್ದ ಆಗುತ್ತದೆ. ಕೇಸಿನೊಳಗೆ, ಅಂದರೆ ಮದ್ದು ತುಂಬುವ ಲೋಹದ ಕೊಳವೆಯೊಳಗೆ, ಆಳಕ್ಕೆ ಇಳಿದು ಮದ್ದಿನ ಜಾಗ ತಿನ್ನುತ್ತದೆ. ಹಾಲೋ ಪಾಯಿಂಟಿಗೆ ಹಾಕುತ್ತಿದ್ದ ಲೆಕ್ಕ ಇದಕ್ಕೆ ನಡೆಯುವುದಿಲ್ಲ. ತಯಾರಕರ ಪುಸ್ತಕದಲ್ಲಿ ಇದೇ ಗುಂಡಿನ ಲೆಕ್ಕ ಹುಡುಕಬೇಕು. ಅದರಲ್ಲೂ .45-70ಗೆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಮೂರು ಪಟ್ಟಿ ಇರುತ್ತದೆ. 1873ರ ಕಾಲದ ದುರ್ಬಲ ಕೋವಿಗೆ ಒಂದು, ಲಿವರ್ ಕೋವಿಗೆ ಒಂದು, ತುಂಬ ಗಟ್ಟಿಮುಟ್ಟಾದ ಒಂಟಿ ಈಡಿನ ಕೋವಿಗೆ ಒಂದು. ಮೂರನೇ ಪಟ್ಟಿಯದನ್ನು ನನ್ನ ಮಾರ್ಲಿನ್‌ಗೆ ಹಾಕಿದರೆ ಕೋವಿ ಉಳಿಯುವುದಿಲ್ಲ, ನನ್ನ ಮುಖವೂ ಉಳಿಯುವುದಿಲ್ಲ. ಆ ಪುಟದ ಮೇಲೆ ಕೆಂಪು ಪೆನ್ನಿನಲ್ಲಿ ಗೀಟು ಹಾಕಿ ಇಟ್ಟಿದ್ದೇನೆ.

ನಡುವಿನ ಪಟ್ಟಿಯ ಅತಿ ಕಡಿಮೆ ಅಳತೆಯಿಂದ ಶುರುಮಾಡಿದೆ. ಪ್ರತಿ ಸಲವೂ ಮದ್ದನ್ನು ತಕ್ಕಡಿಯಲ್ಲಿ ತೂಗಿದೆ. ಇಪ್ಪತ್ತು ಕೇಸನ್ನೂ ಸಾಲಾಗಿ ನಿಲ್ಲಿಸಿ, ಟಾರ್ಚ್ ಬಿಟ್ಟು ಒಂದೊಂದರ ಒಳಗೂ ಇಣುಕಿದೆ. ಎಲ್ಲದರಲ್ಲೂ ಮದ್ದು ಒಂದೇ ಮಟ್ಟಕ್ಕೆ ಬಂದಿರಬೇಕು. ಆಮೇಲೆ ಗುಂಡು ಕೂರಿಸಿ, ಗುಂಡಿನ ಮೈಮೇಲಿನ ಕೊರೆದ ಗೆರೆಗೆ ಕೇಸಿನ ಬಾಯಿಯ ಅಂಚನ್ನು ಮಡಚಿ ಬಿಗಿ ಮಾಡಿದೆ. ಈ ಬಿಗಿ ಸರಿಯಾಗದಿದ್ದರೆ ಧಕ್ಕೆಗೆ ಕೊಳವೆಯಲ್ಲಿರುವ ತೋಟಾಗಳ ಗುಂಡು ಒಳಕ್ಕೆ ಕುಸಿಯುತ್ತದೆ, ಒತ್ತಡ ಏರುತ್ತದೆ. ಒಂದೊಂದನ್ನೂ ಮೇಜಿಗೆ ಒತ್ತಿ ನೋಡಿದೆ. ಯಾವುದೂ ಅಲುಗಲಿಲ್ಲ.

ಶನಿವಾರ ಗುರಿ ಅಭ್ಯಾಸದ ರೇಂಜಿಗೆ ಹೋದೆ. 50 ಗಜದಲ್ಲಿ ಮೂರು ಈಡು. ಮೂರೂ ತೂತು ಒಂದು ಬಿಸ್ಕತ್ತಿನಡಿ ಮುಚ್ಚಿಹೋಗುವಷ್ಟು ಹತ್ತಿರ ಬಿದ್ದಿದ್ದವು. ಸೆಕೆಂಡಿಗೆ 1,900 ಅಡಿ ಆಸುಪಾಸು ವೇಗ. ಇನ್ನೂ ಏರಿಸಬಹುದಿತ್ತು. ಬೇಡ ಅನ್ನಿಸಿತು.

ನವೆಂಬರ್ 15. ಮಿಯೋ ಊರಿನ ಹತ್ತಿರದ ಕಾಡು. ರಾತ್ರಿ ತೆಳ್ಳಗೆ ಹಿಮ ಬಿದ್ದಿತ್ತು. ಕಿತ್ತಳೆ ಜಾಕೆಟ್ ಹಾಕಿಕೊಂಡು, ಕತ್ತಲಲ್ಲೇ ಹೋಗಿ ಒಂದು ಸೀಡರ್ ಬುಡಕ್ಕೆ ಒರಗಿ ಕೂತೆ. ಎಂಟು ಗಂಟೆ ದಾಟಿತ್ತು, ಬಲಗಡೆ ಒಣ ಜರಿಗಿಡದ ಹಿಂದೆ ಒಂದು ಕಿವಿ ಅಲುಗಿತು. ಆಮೇಲೆ ಮೂಗು. ಆಮೇಲೆ ಆರು ಕವಲಿನ ಗಂಡು ಪೂರ್ತಿ ಹೊರಗೆ ಬಂದು ನಿಂತಿತು. ಉಸಿರಿನ ಹಬೆ ಕಾಣುತ್ತಿತ್ತು. ಸುಮಾರು 60 ಗಜ.

ಹೆಬ್ಬೆರಳಿನಿಂದ ಕೋವಿಯ ಕುದುರೆ ನಿಧಾನಕ್ಕೆ ಎಳೆದೆ. ಹಿಂದಿನ ವರ್ಷದ ನಾಲ್ಕು ಬೆರಳು ನೆನಪಾಯಿತು. ಅದು ಅಡ್ಡಕ್ಕೆ ತಿರುಗುವ ತನಕ ಕಾದೆ. ಮುಂಗಾಲಿನ ಹಿಂದೆ, ಎದೆಯ ಅರ್ಧ ಎತ್ತರಕ್ಕೆ ಗುರಿ ಇಟ್ಟೆ.

ಜಿಂಕೆ ಒಂದು ಸಲ ಮೇಲಕ್ಕೆ ನೆಗೆಯಿತು, ಓಡಿತು. ಹಿಮದ ಮೇಲೆ ಎರಡೂ ಪಕ್ಕಕ್ಕೆ ಅಗಲವಾಗಿ ರಕ್ತ ಚೆಲ್ಲಿತ್ತು. ಹುಡುಕುವ ಕೆಲಸವೇ ಇರಲಿಲ್ಲ. ಎಣಿಸುತ್ತಾ ಹೋದೆ. 31 ಹೆಜ್ಜೆ. ನಾನು ಹೋಗುವಷ್ಟರಲ್ಲಿ ಪ್ರಾಣ ಹೋಗಿತ್ತು. ಅದರ ಕುತ್ತಿಗೆಯ ಮೇಲೆ ಕೈ ಇಟ್ಟು ಸ್ವಲ್ಪ ಹೊತ್ತು ಕೂತಿದ್ದೆ. ಇನ್ನೂ ಬಿಸಿ ಇತ್ತು.

ಸುಲಿದಾಗ ನೋಡಿದೆ. ಹೋದ ಕಡೆ ಗುಂಡಿನಷ್ಟೇ ತೂತು, ಹೊರಬಂದ ಕಡೆ ಹೆಬ್ಬೆರಳು ತೂರುವಷ್ಟು. ಎರಡೂ ಶ್ವಾಸಕೋಶ ಹರಿದಿತ್ತು. ಭುಜದ ಮಾಂಸ ಎರಡೂ ಕಡೆ ಕೆಂಪಗೆ, ಚೆನ್ನಾಗಿತ್ತು. ಪಕ್ಕೆಯ ಹತ್ತಿರ ಒಂದು ಹಿಡಿಯಷ್ಟು ಮಾತ್ರ ಕತ್ತರಿಸಿ ತೆಗೆದೆ.

ಮೇಜಿನ ಡ್ರಾಯರಿನಲ್ಲಿ ನನ್ನದೊಂದು ನೋಟ್ ಪುಸ್ತಕ ಇದೆ. ಹಿಂದಿನ ವರ್ಷದ ಸಾಲಿನಲ್ಲಿ "405, ಗಟ್ಟಿ ಸೀಸ. ಬೆಳಿಗ್ಗೆ ಸಿಕ್ಕಿತು" ಅಂತ ಇತ್ತು. ಅದರ ಕೆಳಗೆ ಬರೆದೆ: "300, ತಾಮ್ರ. 60 ಗಜ. 31 ಹೆಜ್ಜೆ."

ಭಾನುವಾರ ಕಾಳುಮೆಣಸು ಹಾಕಿ ಹುರಿದೆವು. ಹೆಂಡತಿ ಒಂದು ತುಂಡು ಬಾಯಿಗೆ ಹಾಕಿಕೊಂಡು ನೋಡಿದಳು. ಆಮೇಲೆ ಎರಡು ತುಂಡು ಸಣ್ಣಗೆ ಬಿಡಿಸಿ ಮಗಳ ತಟ್ಟೆಗೆ ಹಾಕಿದಳು.