ಐದು ಎಲಿಮೆಂಟೋ, ಒಳ್ಳೆ ಕೇಬಲ್ಲೋ?

ಜುಲೈ 14, 2024, ಭಾನುವಾರ

ಮಳೆ ನಿಂತ ಮೇಲೆ ತುಮಕೂರಿನ ಹ್ಯಾಮ್ (ಹವ್ಯಾಸಿ ರೇಡಿಯೊ) ಹುಡುಗನ ಫೋನು. ವಿಷಯ ಅವನ ಯಾಗಿ: ಬೂಮ್ ಎಂಬ ನಡುದಂಡಕ್ಕೆ ಎಲಿಮೆಂಟ್ ಎಂಬ ಅಡ್ಡ ಕೊಳವೆಗಳನ್ನು ಸಾಲಾಗಿ ಕೂರಿಸಿ ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ.

"ಸರ್, ಮೂರು ಎಲಿಮೆಂಟ್ ಯಾಗಿ ಸಾಲ್ತಿಲ್ಲ. ಐದಕ್ಕೆ ಹೋಗ್ಲಾ?"

"ಕೇಬಲ್ ಯಾವ್ದಪ್ಪಾ?"

"ಆರ್‌ಜಿ-58. ಇಪ್ಪತ್ತು ಮೀಟರ್ ಸರ್. ಎಸ್‌ಡಬ್ಲ್ಯೂಆರ್ 1.5 ಇದೆ, ಅದೇನೂ ತೊಂದ್ರೆ ಇಲ್ಲ."

ತೊಂದರೆ ಇರುವುದೇ ಅಲ್ಲಿ. ಎಸ್‌ಡಬ್ಲ್ಯೂಆರ್ ಅಂದರೆ ಆಂಟೆನಾದಿಂದ ಎಷ್ಟು ಶಕ್ತಿ ವಾಪಸ್ ಬರುತ್ತಿದೆ ಎಂಬುದರ ಅಳತೆ, 1:1 ಅಂದರೆ ಏನೂ ವಾಪಸ್ ಇಲ್ಲ. 145 ಮೆಗಾಹರ್ಟ್ಸ್‌ನಲ್ಲಿ ಅಷ್ಟುದ್ದದ ಆರ್‌ಜಿ-58 ಎಂಬ ತೆಳು ಕೋಆಕ್ಸ್ ಕೇಬಲ್ ಸುಮಾರು 4 ಡಿಬಿ (ಡೆಸಿಬೆಲ್; 3 ಹೋದರೆ ಶಕ್ತಿ ಅರ್ಧ) ನುಂಗುತ್ತದೆ. 10 ವಾಟ್ ಬಿಟ್ಟರೆ ಮೇಲೆ ಮುಟ್ಟುವುದು 4. ಆಂಟೆನಾ ಹತ್ತಿರ ಎಸ್‌ಡಬ್ಲ್ಯೂಆರ್ 3 ಇದ್ದರೂ, ಹೋಗುವಾಗ 4, ವಾಪಸ್ ಬರುವಾಗ ಮತ್ತೆ 4 ಡಿಬಿ ಕೇಬಲಿನಲ್ಲೇ ಕರಗಿ, ಕೆಳಗಿನ ಮೀಟರು 1.5 ಎನ್ನುತ್ತದೆ. ಏನೂ ಪ್ರಸಾರ ಮಾಡದೆ ಶಕ್ತಿಯನ್ನೆಲ್ಲ ಶಾಖ ಮಾಡುವ ಡಮ್ಮಿ ಲೋಡಿಗೂ 1:1 ಬರುತ್ತದಲ್ಲ! ದಪ್ಪನೆಯ ಆರ್‌ಜಿ-213 ಎಳೆದರೆ ನಷ್ಟ 2 ಡಿಬಿಯೊಳಗೆ. ಬೂಮನ್ನು 80 ಸೆಂ.ಮೀ.ಯಿಂದ ದುಪ್ಪಟ್ಟು ಮಾಡಿ ಗಳಿಸುವುದೂ ಹೆಚ್ಚುಕಡಿಮೆ ಅಷ್ಟೇ, ಜೊತೆಗೆ ಗಾಳಿಯ ಹೊಡೆತ ಬೇರೆ.

ಗೇನ್ (ಮುಂದಕ್ಕೆ ಸಿಗುವ ಬಲ), ಹಿಂಬದಿಯ ತಡೆ, ಬ್ಯಾಂಡ್‌ವಿಡ್ತ್ (ಚೆನ್ನಾಗಿ ಕೆಲಸ ಮಾಡುವ ಆವರ್ತನದ ಹರವು) ಮೂರೂ ಒಟ್ಟಿಗೆ ದಕ್ಕುವುದಿಲ್ಲ. ಗೇನನ್ನೇ ಹಿಂಡಲು ಹೊರಟರೆ ಫೀಡ್ ಪಾಯಿಂಟ್ (ಕೇಬಲ್ ಸೇರುವ ಜಾಗ) 50 ಓಮ್‌ನಿಂದ 25ರ ಆಸುಪಾಸಿಗೆ ಇಳಿಯುತ್ತದೆ, ಅದನ್ನು ಕೇಬಲಿಗೆ ಹೊಂದಿಸಲು ಹೇರ್‌ಪಿನ್ನೋ ಗಾಮಾ ಮ್ಯಾಚೋ ಬೇಕಾಗುತ್ತದೆ, 144ರಿಂದ 146ರವರೆಗೆ ಒಂದೇ ಸಮ ಕೆಲಸ ಮಾಡುವುದೂ ಕಷ್ಟ. ಪಿವಿಸಿ ಬೂಮಿಗೆ ರಿಫ್ಲೆಕ್ಟರ್ (ಹಿಂದಿನ ಎಲಿಮೆಂಟ್) 103, ಡ್ರಿವನ್ (ಕೇಬಲ್ ಸೇರುವುದು) 97, ಡೈರೆಕ್ಟರ್ (ಮುಂದಿನದು) 92, ನಡುವೆ 40 ಸೆಂ.ಮೀ. ಅಂತ ಶುರು ಮಾಡಬಹುದು. ಕೊಳವೆಯ ದಪ್ಪ ಬದಲಾದರೆ ಉದ್ದವೂ ಬದಲಾಗುತ್ತದೆ. ಅಲ್ಯೂಮಿನಿಯಂ ಬೂಮಿನೊಳಗೆ ತೂರಿಸಿದರೆ ಎಲಿಮೆಂಟುಗಳನ್ನು ಕೆಲವು ಮಿ.ಮೀ. ಉದ್ದ ಇಡಬೇಕು.

ಎಸ್‌ಡಬ್ಲ್ಯೂಆರ್ ಇಳಿಸಲು ಡೈರೆಕ್ಟರ್ ಮುಟ್ಟುವ ಚಟ ಹಲವರಿಗೆ. ಮುಟ್ಟಬೇಕಾದ್ದು ಡ್ರಿವನ್ ಮತ್ತು ಮ್ಯಾಚ್ ಮಾತ್ರ. ಡೈರೆಕ್ಟರ್ ತುಸು ಗಿಡ್ಡವಾದರೆ ಗೇನ್ ಮೆಲ್ಲಗೆ ತಗ್ಗುತ್ತದೆ. ಉದ್ದವಾದರೆ ಬ್ಯಾಂಡಿನ ಮೇಲ್ತುದಿಯಲ್ಲಿ ಒಂದೇ ದಿಕ್ಕಿಗೆ ಹೋಗುವ ಪ್ಯಾಟರ್ನೇ ಕುಸಿಯುತ್ತದೆ. ಮಳೆನೀರು ಮೆತ್ತಿಕೊಂಡರೂ ಎಲಿಮೆಂಟ್ ಉದ್ದವಾದ ಹಾಗೆಯೇ ಲೆಕ್ಕ. ಈ ಕಾಲದಲ್ಲಂತೂ ಗಿಡ್ಡವೇ ವಾಸಿ.

ಹುಡುಗ ಫೀಡ್ ಪಾಯಿಂಟಿಗೆ ಸುತ್ತಿದ್ದು ಬರೀ ಇನ್ಸುಲೇಶನ್ ಟೇಪಂತೆ! ಕೋಆಕ್ಸಿನ ಹೆಣಿಗೆಯೊಳಗೆ ನೀರು ಇಳಿದರೆ ಆ ಕೇಬಲ್ ಹೋಯಿತು, ಒಣಗಿಸಿ ಪ್ರಯೋಜನವಿಲ್ಲ. ರಬ್ಬರಿನ ಸ್ವಯಂ ಅಂಟುವ ಟೇಪೇ ಬೇಕು.

ಎಲಿಮೆಂಟ್ ನಿಲ್ಲಿಸಿದ್ದಾನೋ ಮಲಗಿಸಿದ್ದಾನೋ ಕೇಳಲೇ ಇಲ್ಲ. ರಿಪೀಟರಿನದು (ಸಿಗ್ನಲ್ ಹಿಡಿದು ಮತ್ತೆ ಕಳಿಸುವ ಕೇಂದ್ರ) ನೆಟ್ಟಗೆ ನಿಂತ ಆಂಟೆನಾ. ಮಲಗಿಸಿದ್ದರೆ 20 ಡಿಬಿವರೆಗೂ ಅಲ್ಲೇ ಹೋಯಿತು. ನಿಲ್ಲಿಸಿದ್ದು, ಬೂಮಿನ ನಡುವೆ ಕಬ್ಬಿಣದ ಪೈಪು ಬಂದಿದ್ದರೆ ಅದೂ ಒಂದು ಎಲಿಮೆಂಟಾಗಿ ಕೂರುತ್ತದೆ. ರಿಫ್ಲೆಕ್ಟರಿನ ಹಿಂದಿನಿಂದ ಹಿಡಿಸಬಹುದು, ಆದರೆ ಆಗ ಮುಂದಿನ ಭಾರವೆಲ್ಲ ಒಂದೇ ಕ್ಲಾಂಪಿನ ಮೇಲೆ, ಆಷಾಢದ ಗಾಳಿಗೆ ಅದು...