ಶಾವಿಗೆಗೆ ಮನೆ ಸಿಕ್ಕಿತು, ಎರಡನೇ ಸಲ

ತಪ್ಪು ನನ್ನದೇ. ಮೊದಲೇ ಹೇಳಿಬಿಡುತ್ತೇನೆ.

ಹೋದ ಮಳೆಗಾಲದಲ್ಲಿ ನಮ್ಮ ಬೀದಿ ಮೂಲೆಯ ಮೀನಂಗಡಿ ಹತ್ತಿರ ಸಿಕ್ಕ ಬೆಕ್ಕು ಇದು. ಮೀನಂಗಡಿ ಎದುರಿಗಿದ್ದರೂ ಮೀನಿನ ಕಡೆ ತಿರುಗಿ ನೋಡುತ್ತಿರಲಿಲ್ಲ, ಎಳನೀರಿನವನು ಎಸೆದ ಬುರುಡೆಯಲ್ಲಿ ನಿಂತ ಮಳೆನೀರು ನೆಕ್ಕುತ್ತಾ ಕೂತಿರುತ್ತಿದ್ದಳು. ಅಷ್ಟು ನೀರು ಕುಡಿಯುವುದೇ ಕಾಯಿಲೆಯ ಗುರುತು ಅಂತ ಆಗ ನನಗೆ ಗೊತ್ತಿರಲಿಲ್ಲ. ಮೈ ಸಣಕಲು, ಅದಕ್ಕೇ ಶಾವಿಗೆ ಅಂತ ಹೆಸರಿಟ್ಟೆ. ರಕ್ತ ಪರೀಕ್ಷೆ ಮಾಡಿಸಿದರೆ ಕ್ರಿಯಾಟಿನಿನ್, ಅಂದರೆ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 3.4. ಕಿಡ್ನಿ ಕಾಯಿಲೆ, 4 ಹಂತಗಳಲ್ಲಿ 3ನೆಯದು. ವಾಸಿಯಾಗುವಂಥದ್ದಲ್ಲ. ಆದರೆ ಚೆನ್ನಾಗಿ ನೋಡಿಕೊಂಡರೆ ವರ್ಷಗಟ್ಟಲೆ ಆರಾಮಾಗಿ ಇರುವ ಬೆಕ್ಕುಗಳೂ ಇವೆ, ಅಂದರು ಡಾಕ್ಟರು.

ನೀನೇ ಯಾಕೆ ಇಟ್ಟುಕೊಳ್ಳಲಿಲ್ಲ ಅಂತ ಕೇಳಬಹುದು. ನಮ್ಮನೆ ಗಂಡು ಬೆಕ್ಕು ಇವಳನ್ನು ತಟ್ಟೆ ಹತ್ತಿರ ಬಿಡುತ್ತಿರಲಿಲ್ಲ. ಈ ಕಾಯಿಲೆಯಲ್ಲಿ ಊಟ ಬಿಟ್ಟರೆ ಕಥೆ ಮುಗಿದ ಹಾಗೆ.

ಸರಿ, ಮನೆ ಹುಡುಕಲು ಕೂತೆ. ಕಿಟಕಿ ಬಿಸಿಲಲ್ಲಿ ಚೆಂದದ ಫೋಟೋ ತೆಗೆದು, ಶಾಂತ ಸ್ವಭಾವ, ಮಡಿಲ ಬೆಕ್ಕು ಅಂತೆಲ್ಲ ಬರೆದು, ಕೊನೆಯಲ್ಲಿ ಮೆಲ್ಲಗೆ 'ಸ್ವಲ್ಪ ಕಿಡ್ನಿ ತೊಂದರೆ ಇದೆ' ಅಂತ ಸೇರಿಸಿದೆ. ಸ್ವಲ್ಪ! ಫೋನ್ ಮೇಲೆ ಫೋನ್. ಒಂದು ಜೋಡಿ ಬಂದು, ಮುದ್ದಾಡಿ, ಕರೆದುಕೊಂಡು ಹೋದರು. 4ನೇ ದಿನ ವಾಪಸ್ ತಂದರು. ಉಚ್ಚೆ ಜಾಸ್ತಿ, ಬೆಳಿಗ್ಗೆ ವಾಂತಿ, ಡ್ರಿಪ್ ಹಾಕಲು ಕೈ ನಡುಗುತ್ತೆ. 'ನೀವು ಇಷ್ಟೆಲ್ಲ ಹೇಳಲೇ ಇಲ್ವಲ್ಲ ಮೇಡಂ' ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡನೇ ಸಲ ಫೋಟೋನೇ ಬದಲಾಯಿಸಿದೆ. ಪರದೆ ಕಂಬಿಗೆ ರಿಂಗರ್ ಲ್ಯಾಕ್ಟೇಟ್ (ಡ್ರಿಪ್ಪಿನ ಲವಣದ ನೀರು) ಬಾಟಲಿ ತೂಗುಹಾಕಿದೆ, ಕೆಳಗೆ ಶಾವಿಗೆ ಮುಖ ಸಿಂಡರಿಸಿಕೊಂಡು ಕೂತಿದ್ದಾಳೆ. ದಿನ ಬಿಟ್ಟು ದಿನ ಬೆನ್ನ ಚರ್ಮದ ಕೆಳಗೆ 100 ಎಂಎಲ್. ಕಿಡ್ನಿ ಬೆಕ್ಕುಗಳಿಗೆಂದೇ ಬರುವ ಊಟ, ಹಾಲನ್ನ ಬೇಡ. ನೋವು ಅಂತ ಮನೆಯಲ್ಲಿರುವ ಪ್ಯಾರಾಸಿಟಮಾಲ್ ಕೊಟ್ಟರೆ ಬೆಕ್ಕು ಸತ್ತೇ ಹೋಗುತ್ತೆ. ಎಲ್ಲ ಬರೆದೆ.

ಈ ಸಲ ಬಂದಿದ್ದು 3 ಫೋನು. ಇಬ್ಬರು 'ಅಯ್ಯೋ ಪಾಪ' ಅಂತ ಹತ್ತು ನಿಮಿಷ ಮರುಗಿ ಇಟ್ಟುಬಿಟ್ಟರು. ಹನುಮಂತನಗರದ ಒಬ್ಬರು ಮಾತ್ರ ಪಾಪ ಅನ್ನಲೇ ಇಲ್ಲ. 'ತಿಂಗಳಿಗೆ ಎಷ್ಟಾಗುತ್ತೆ?' ಅಂತ ಕೇಳಿದರು. ನಿಜ ಹೇಳಬೇಕೆಂದರೆ ನನಗೆ ಸಿಟ್ಟು ಬಂತು, ಇವರೇನು ಬೆಕ್ಕು ಸಾಕೋಕೆ ಬಂದವರಾ, ಲೆಕ್ಕ ಹಾಕೋಕಾ ಅಂತ. ಸುಮಾರು 3,500 ಅಂದೆ, ಪರೀಕ್ಷೆ ಮಾಡಿಸುವ ತಿಂಗಳು ಇನ್ನೂ ಜಾಸ್ತಿ. ಬರೆದುಕೊಂಡರು. ಆಮೇಲೆ, 'ನಾವು ದೀಪಾವಳಿಗೆ ಊರಿಗೆ ಹೋದಾಗ ಸೂಜಿ ಯಾರು ಚುಚ್ಚುತ್ತಾರೆ?' ಅಂದರು.

ಅಲ್ಲಿಗೆ ನನ್ನ ಸಿಟ್ಟು ಇಳಿಯಿತು. ದೀಪಾವಳಿಗೆ ಇನ್ನೂ ಎರಡು ತಿಂಗಳಿತ್ತು. 'ನನ್ನ ಹತ್ತಿರ ಬಿಟ್ಟುಹೋಗಿ, ಬೇರೆ ರೂಮಲ್ಲಿ ಇಡ್ತೀನಿ' ಅಂದೆ.

ಭಾನುವಾರ ಬಂದು ನಮ್ಮನೆಯಲ್ಲೇ ಕಲಿತರು. ಬಾಟಲಿಯನ್ನು ಬಿಸಿನೀರಲ್ಲಿಟ್ಟು ಉಗುರುಬೆಚ್ಚಗೆ ಮಾಡುವುದು, ಭುಜಗಳ ನಡುವಿನ ಚರ್ಮ ಎತ್ತಿ ಹಿಡಿಯುವುದು, ಸೂಜಿ. ಮೊದಲ ಸಲ ಸೂಜಿ ಚರ್ಮದ ಆ ಕಡೆಯಿಂದ ಆಚೆ ಬಂದು ನೀರೆಲ್ಲ ಅವರ ಸೀರೆ ಮೇಲೆ. ನಾನೂ ಹಾಗೇ ಎಷ್ಟು ಸಲ ಒದ್ದೆಯಾಗಿದ್ದೇನೋ. ಅವರು ಸೆರಗು ಹಿಂಡಿಕೊಂಡು, 'ಇನ್ನೊಂದು ಸೂಜಿ ಕೊಡಿ' ಅಂದರು. 15 ದಿನ ನೋಡಿ ಹೇಳಿ ಅಂತ ಕಳಿಸಿದೆ. 15ನೇ ದಿನ ಒಂದು ಫೋಟೋ ಬಂತು. ಬಚ್ಚಲ ಬಕೆಟ್ಟಿನ ಅಂಚಿಗೆ ಮುಂಗಾಲಿಟ್ಟು ಶಾವಿಗೆ ನೀರು ಕುಡಿಯುತ್ತಿದ್ದಳು. 'ಬಟ್ಟಲು ಇವಳಿಗೆ ಆಗಲ್ಲ, ಬಕೆಟ್ಟೇ ಬೇಕು' ಅಂತ ಬರೆದಿದ್ದರು, ಅಷ್ಟೇ.

ದೀಪಾವಳಿಗೆ ಹೇಳಿದ ಹಾಗೇ 4 ದಿನ ನನ್ನ ಹತ್ತಿರ ಬಿಟ್ಟರು. ತುಸು ಮೈ ತುಂಬಿಕೊಂಡಿದ್ದಳು. ಬುಟ್ಟಿ ಬಾಗಿಲು ತೆಗೆದು, ಶಾವಿಗೇ ಅಂದೆ. ಒಮ್ಮೆ ನನ್ನ ಮುಖ ನೋಡಿ ಸೀದಾ ಮಂಚದ ಕೆಳಗೆ ಹೋಗಿ ಕೂತಳು. ಸೂಜಿಯವಳು ಬಂದಳು ಅಂತ ಇರಬೇಕು.