ಅರಿಶಿನ ಎಲೆಯ ಘಮ

ಇವತ್ತು ಚೌತಿ. ಬೆಳಿಗ್ಗೆ ಏಳುವಾಗಲೇ ಅಡುಗೆಮನೆಯಿಂದ ಅರಿಶಿನ ಎಲೆ ಬೇಯುವ ಪರಿಮಳ. ಕಾರವಾರದ ನಮ್ಮ ಮನೆಯಲ್ಲಿ ಪಾತೋಳಿ, ಅಂದರೆ ಅಕ್ಕಿ ಹಿಟ್ಟಿನೊಳಗೆ ಬೆಲ್ಲ-ಕಾಯಿ ತುಂಬಿ ಈ ಎಲೆಯಲ್ಲಿ ಬೇಯಿಸುವ ಕಡುಬು, ಇಲ್ಲದೆ ಹಬ್ಬವೇ ಇಲ್ಲ.

ನನಗೆ ಶುಗರ್ ಬಂದು ಆರು ವರ್ಷ. ಮೊದಲ ಎರಡು ಚೌತಿಗೆ ಒಂದು ತುಂಡೂ ಮುಟ್ಟಿರಲಿಲ್ಲ. ಎಲ್ಲರೂ ಪಾತೋಳಿ ತಿನ್ನುವಾಗ ಎದ್ದು ಜಗುಲಿಗೆ ಹೋಗಿ ಕೂರುತ್ತಿದ್ದೆ. ಅದನ್ನು ನೋಡಿ ಅಮ್ಮ ತಾನೂ ತಿನ್ನುವುದು ಬಿಟ್ಟಳು. ಆಗ ತುಂಬಾ ನೋವಾಯಿತು.

ಈಗ ಲೆಕ್ಕ ಇಟ್ಟು ತಿನ್ನುತ್ತೇನೆ. "ಬೆಲ್ಲ ಅಲ್ವಾ, ಏನೂ ಆಗಲ್ಲ" ಎನ್ನುವವರು ಪ್ರತಿ ವರ್ಷ ಸಿಗುತ್ತಾರೆ. ಪ್ರೀತಿಯಿಂದಲೇ ಹೇಳುತ್ತಾರೆ, ಆದರೆ ಅದು ನಿಜವಲ್ಲ. ಬೆಲ್ಲವೂ ರಕ್ತದ ಸಕ್ಕರೆ ಏರಿಸುತ್ತದೆ, ಹೊರಗಿನ ಅಕ್ಕಿ ಹಿಟ್ಟೂ ಏರಿಸುತ್ತದೆ. ಹಾಗಾಗಿ ಪಾತೋಳಿ ದಿನ ಅನ್ನ ಕಡಿಮೆ, ಹಾಗಲಕಾಯಿ ಪಲ್ಯ, ಕೋಸಂಬರಿ ಜಾಸ್ತಿ. ಮಾತ್ರೆ ಮಾತ್ರ ತಪ್ಪಿಸುವುದಿಲ್ಲ.

ಅಮ್ಮ ಎಲೆ ಸಮೇತ ಒಂದು ಪಾತೋಳಿ ಬಡಿಸಿದಳು. ಬಿಸಿ ಎಲೆ ಬಿಡಿಸಿದರೆ ಬಿಳಿ ಹಿಟ್ಟಿನ ಮೇಲೆ ಅದರ ಗೆರೆಗಳು ಹಾಗೇ ಅಚ್ಚಾಗಿದ್ದವು. ತುದಿಯಲ್ಲಿ ಬೆಲ್ಲ ಒಸರಿತ್ತು. ಅರ್ಧ ಮುರಿದು ನಿಧಾನವಾಗಿ ತಿಂದೆ. ಉಳಿದರ್ಧ ಮಗಳ ತಟ್ಟೆಗೆ.

ಆಮೇಲೆ ಸುಮ್ನೆ ಟ್ಯಾಗೋರ್ ಬೀಚ್ ಕಡೆ ನಡೆದು ಬಂದೆವು. ಊಟ ಶುರುಮಾಡಿದ 2 ಗಂಟೆ ನಂತರ ಬೆರಳು ಚುಚ್ಚಿ ನೋಡಿದೆ: 168. ಡಾಕ್ಟರ್ ನನಗೆ 180ರ ಒಳಗಿರಲಿ ಎಂದಿದ್ದರು. ಮೀಟರನ್ನು ಅಮ್ಮನಿಗೆ ತೋರಿಸಿದೆ. ಕನ್ನಡಕ ಹಾಕಿಕೊಂಡು ಎರಡು ಸಲ ನೋಡಿದಳು. ಈಗ ಪಕ್ಕದಲ್ಲೇ ಕೂತು ತನ್ನ ಪಾಲಿನ ಪಾತೋಳಿ ಬಿಡಿಸುತ್ತಿದ್ದಾಳೆ.